ಎಲ್ಲಾದಕ್ಕೂ ನಡೆಯುವ ಗುಳಿಗೆ

ಮರಾಠಿ ಸೀಮೆಯ ಕಾತ್ರಜದ ಗುಡ್ಡದ ಕೆಳಗೆ ಹೊಸ ಬಿಲ್ಡಿಂಗ್ ಏಳುತ್ತಿದ್ದ ಸೈಟಿನಲ್ಲಿ ದುಡಿಯಲು ಬಂದ ಸುರಪುರದ ಕಡೆಯವರ ಇಪ್ಪತ್ತೆರಡು ತಗಡಿನ ಪತ್ರಾ ಶೆಡ್ಡುಗಳಿದ್ದವು. ಅಷ್ಟೂ ಶೆಡ್ಡಿಗೆ ಡಾಕ್ಟರು ಒಬ್ಬಳೇ, ಹುಲಿಗೆವ್ವ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ವಿದ್ಯೆಯೆಲ್ಲ ಒಂದು ಹಳೆಯ ಬಿಸ್ಕೀಟಿನ ಡಬ್ಬಿಯೊಳಗಿತ್ತು. ಕತ್ತರಿಯಿಂದ ತುಂಡರಿಸಿದ ಗುಳಿಗೆಯ ಪಟ್ಟಿಗಳು, ಕಾಗದದಲ್ಲಿ ಸುತ್ತಿಟ್ಟ ಅರ್ಧ ಗುಳಿಗೆಗಳು. ಯಾರಿಗಾದರೂ ಜ್ವರ ಬರಲಿ, ಭೇದಿ ಹತ್ತಲಿ, ಗಾಯ ಕೀವಾಗಲಿ, ಅವಳು ಡಬ್ಬಿ ತೆರೆಯುತ್ತಿದ್ದಳು. ಇದು ಯಾವ ರೋಗದ್ದು ಎಂದು ಕೇಳುವ ಅಧಿಕಪ್ರಸಂಗಿಗಳಿಗೆ ಒಂದೇ ಉತ್ತರ:

"ಎಲ್ಲಾದಕ್ಕೂ ನಡೀತದ, ನುಂಗು."

ಆ ಮಾತು ಅವಳದ್ದಲ್ಲ, ದೊಡ್ಡ ಆಸ್ಪತ್ರೆಯದು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಜಟ್ಟೆಪ್ಪನ ಅಂಗಾಲಿಗೆ ಕಬ್ಬಿಣದ ಸಳಿ ಹೊಕ್ಕು, ಮೂರನೆಯ ದಿನ ಕಾಲು ಬಾತು, ಜ್ವರದ ಬಡಬಡಿಕೆಯಲ್ಲಿ ಎಂದೋ ತೀರಿಹೋದ ತಮ್ಮನ ಹೆಸರು ಹಿಡಿದು ಕೂಗತೊಡಗಿದ್ದ. ವಾರ್ಡಿನಲ್ಲಿ ಧಾರವಾಡದ ಕಡೆಯ ಒಬ್ಬ ಡಾಕ್ಟರಬಾಯಿ ಇದ್ದಳು, ನೀಲಿಮಾ. "ಯಾವ ಹುಳ ಹೊಕ್ಕದ ಅಂತ ತಿಳಿಯೂತನಕ ಕಾದ್ರ ಮನಶಾ ಉಳಿಯಂಗಿಲ್ರಿ. ಅದಕ್ಕ ಎಲ್ಲಾದಕ್ಕೂ ನಡಿಯೂ ಔಷಧ ಕೊಡ್ತೇವಿ" ಎಂದಿದ್ದಳು. ಕೊಟ್ಟಳು. ಜಟ್ಟೆಪ್ಪ ಎದ್ದು ಕೂತ. ದೇವರನ್ನು ಮರೆತರೂ ಹುಲಿಗೆವ್ವ ಆ ಮಾತನ್ನು ಮರೆಯಲಿಲ್ಲ.

ಮನೆಗೆ ಕಳಿಸುವಾಗ ಏಳು ದಿನದ ಗುಳಿಗೆ ಬರೆದುಕೊಟ್ಟಿದ್ದರು. ಮೂರನೆಯ ದಿನಕ್ಕೆ ಜಟ್ಟೆಪ್ಪನ ಬಾಯಿ ಹುಣ್ಣಾಯಿತು. ಉಷ್ಣ ಆಯಿತು ನೋಡು ಎಂದು ಹುಲಿಗೆವ್ವ ಗುಳಿಗೆ ನಿಲ್ಲಿಸಿ ಮಜ್ಜಿಗೆ ಕುಡಿಸಿದಳು. ಆತನಿಗೆ ಏನೂ ಆಗಲಿಲ್ಲ. ಉಳಿದದ್ದು ಡಬ್ಬಿ ಸೇರಿತು. ಅಲ್ಲಿಂದ ಶೆಡ್ಡುಗಳಲ್ಲಿ ಅದೇ ಕಾಯಿದೆಯಾಯಿತು: ಅರ್ಧ ನುಂಗು, ಅರ್ಧ ಇಡು. ಡಬ್ಬಿ ಬರಿದಾದರೆ ಖಾಲಿ ಪಟ್ಟಿ ಹಿಡಿದು ಮೆಡಿಕಲ್ಲಿಗೆ ಹೋಗುತ್ತಿದ್ದಳು. ಅಂಗಡಿಯವನು ಚೀಟಿ ಕೇಳುತ್ತಿರಲಿಲ್ಲ. "ಹೇ ಸಗಳ್ಯಾಲಾ ಚಾಲತಂ, ಮಾವಶಿ" ಎಂದು ಅವಳ ಮಾತನ್ನೇ ಮರಾಠಿಯಲ್ಲಿ ಹೇಳಿ ಕೊಡುತ್ತಿದ್ದ. ಇಬ್ಬರಿಗೂ ಅನುಮಾನವಿರಲಿಲ್ಲ.

ಮಗಳು ಸುಮಂಗಲಾಳದು ಬೇರೆಯೇ ಕಷ್ಟ. ಸೈಟಿಗೆಲ್ಲ ಇದ್ದದ್ದು ಒಂದೇ ಸಂಡಾಸು, ಅದರ ಮುಂದೆ ಹಗಲೆಲ್ಲ ಗಂಡಸರ ಸಾಲು. ಹೆಂಗಸರು ಹೊತ್ತು ಮುಳುಗುವ ತನಕ ನೀರು ಕುಡಿಯದೆ ಇಟ್ಟಿಗೆ ಹೊರುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅವಳಿಗೆ ಉರಿಮೂತ್ರ ಶುರುವಾಯಿತು. ತಾಯಿ ಎರಡು ದಿನ ಗುಳಿಗೆ ಕೊಟ್ಟಳು, ಬಿಟ್ಟಿತು. ಸಂಕ್ರಾಂತಿಗೆ ಮತ್ತೆ ಬಂತು, ಮತ್ತೆ ಬಿಟ್ಟಿತು. ಹೋಳಿ ಹುಣ್ಣಿಮೆಗೆ ಬಂದಾಗ ಹಳೆಯ ಗುಳಿಗೆ ಹಿಡಿಯಲಿಲ್ಲ. ಅಂಗಡಿಯವನು ಇನ್ನೂ ಜೋರಿನದು ಕೊಟ್ಟ, ಅದಕ್ಕೂ ಬಿಟ್ಟಿತು. ಬಿಟ್ಟದ್ದನ್ನು ಮಾತ್ರ ಎಣಿಸಿದಳು ಹುಲಿಗೆವ್ವ, ಮತ್ತೆ ಬಂದದ್ದನ್ನು ಎಣಿಸಲಿಲ್ಲ. ಅಷ್ಟು ಬುದ್ಧಿ ಆಗ ಯಾರಿಗಿತ್ತು?

ಸುಮಂಗಲಾ ಬಸುರಾಗಿ ಆರು ತಿಂಗಳು ತುಂಬಿದಾಗ ಚಳಿಜ್ವರ ಬಂತು. ಎರಡು ಚಾದರ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಡಬ್ಬಿಯಲ್ಲಿದ್ದ ಜೋರಿನ ಗುಳಿಗೆಯೂ ಹಿಡಿಯಲಿಲ್ಲ, ಅದಕ್ಕಿಂತ ಜೋರಿನದೂ ಹಿಡಿಯಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಹುಲಿಗೆವ್ವ ಡಬ್ಬಿ ಮುಚ್ಚಿ ಸೆರಗಿನ ಕೆಳಗಿಟ್ಟುಕೊಂಡು, ದವಾಖಾನಿಗಿ ನಡೀರಿ ಎಂದಳು. ಅಳಿಯ ಭೀಮು ರಿಕ್ಷಾ ತಂದ.

ಅದೇ ಆಸ್ಪತ್ರೆ, ಅದೇ ಡಾಕ್ಟರಬಾಯಿ. ಹುಲಿಗೆವ್ವ ಗುರುತು ಹಿಡಿದಳು, ನೀಲಿಮಾ ಹಿಡಿಯಲಿಲ್ಲ. ಎರಡು ದಿನ ಔಷಧ ಬೆರೆಸಿದ ಸಲಾಯಿನ್ ಹನಿ ಹನಿಯಾಗಿ ಇಳಿಯಿತು, ಜ್ವರ ಇಳಿಯಲಿಲ್ಲ. ಮೂರನೆಯ ಬೆಳಿಗ್ಗೆ ಹುಲಿಗೆವ್ವ ಅತ್ತಿತ್ತ ನೋಡಿ, ಸೆರಗಿನ ಕೆಳಗಿನ ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಮಗಳ ಬಾಯಿಗೆ ಒಯ್ದಳು. ಹಿಂದಿನಿಂದ ಕೈ ಹಿಡಿದದ್ದು ನೀಲಿಮಾ.

"ಏನ್ರಿ ಇದು?"

"ಎಲ್ಲಾದಕ್ಕೂ ನಡಿಯೂದು, ಬಾಯಿ."

"ಯಾರು ಹೇಳಿದ್ರು ನಿಮಗ?"

"ನೀವೇ ಹೇಳೀರಲ್ರಿ. ನನ್ನ ಗಂಡಗ ಕಾಲು ಕೀವಾದಾಗ."

ನೀಲಿಮಾ ಡಬ್ಬಿ ಇಸಿದುಕೊಂಡು ಮಂಚದ ಮೇಲೆ ಸುರಿದಳು. ಆಗಷ್ಟೇ ಬಂದಿದ್ದ ಮೂತ್ರದ ರಿಪೋರ್ಟು ಪಕ್ಕದಲ್ಲಿಟ್ಟು ಒಂದೊಂದೇ ಪಟ್ಟಿ ಎತ್ತಿ ಹೆಸರು ಓದಿದಳು, ಕಾಗದದಲ್ಲಿ ಅದೇ ಹೆಸರಿನ ಮೇಲೆ ಬೆರಳಿಟ್ಟಳು. ಪ್ರತಿ ಹೆಸರಿನ ಮುಂದೆ ಒಂದೇ ಅಕ್ಷರ. ಓದು ಬಾರದ ಹುಲಿಗೆವ್ವನಿಗೂ ಅದು ಒಂದೇ ಅಕ್ಷರವೆಂದು ಕಂಡಿತು.

"ಈ ಅಕ್ಷರ ಇದ್ದಲ್ಲಿ ಆ ಔಷಧ ನಡಿಯಂಗಿಲ್ಲ ಅಂತ. ನಿಮ್ಮ ಡಬ್ಬಿಯೊಳಗಿಂದು ಒಂದೂ ನಡಿಯಂಗಿಲ್ಲ. ನಾವು ಎರಡು ದಿನ ಹಾಕಿದ್ದೂ ನಡಿಯಂಗಿಲ್ಲ." ನೀಲಿಮಾಳ ದನಿ ತಗ್ಗಿತು. "ಅರ್ಧಾ ಕೊಟ್ಟು ಬಿಟ್ರ ಸೊಕ್ಕಿದ ಹುಳ ಉಳೀತಾವ್ರಿ. ಅವು ಕಲೀತಾವ. ಈಗ ಇವು ಎಲ್ಲಾದಕ್ಕೂ ಒಗ್ಗಿ ಹೋಗ್ಯಾವ."

ಎಲ್ಲಾದಕ್ಕೂ. ತನ್ನ ಮಾತು ಹುಳದ ಬಾಯಿಂದ ಕೇಳಿದಂತಾಯಿತು ಹುಲಿಗೆವ್ವನಿಗೆ.

"ಈಗ ನೆನಪಾತು. ಆವತ್ತು ನಾ ಹೇಳಿದ್ದು ಖರೇ," ಎಂದಳು ನೀಲಿಮಾ. "ಜೀವ ಹೋಗೂ ಹೊತ್ತಿನ ಮಾತದು. ಹುಳ ಯಾವುದು ಅಂತ ತಿಳಿದ ಮ್ಯಾಲೆ ಅದನ್ನ ನಿಲ್ಲಿಸಿ, ಅದಕ್ಕ ತಕ್ಕದ್ದು ಕೊಟ್ಟಿದ್ದೆ. ಅದನ್ನ ನಿಮಗ ಹೇಳಲಿಲ್ಲ. ಯಾರು ಕೇಳ್ತಾರ ಅಂತ ಬಿಟ್ಟೆ."

ರಿಪೋರ್ಟಿನ ಸಾಲಿನ ಕೊನೆಯಲ್ಲಿ ಒಂದೇ ಔಷಧದ ಮುಂದೆ ಬೇರೆ ಅಕ್ಷರವಿತ್ತು, ನಡೆಯುವುದು ಅದೊಂದೇ. ಅದು ಮೂತ್ರಪಿಂಡಕ್ಕೆ ಕೆಟ್ಟದು, ಹೊಟ್ಟೆಯ ಕೂಸಿಗೆ ಏನಾಗುತ್ತದೋ ಹೇಳಲಾಗದು, ಬೇರೆ ದಾರಿಯೂ ಇಲ್ಲ. ಭೀಮು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ಮುಂದಿನ ನಾಲ್ಕು ದಿನ ಹುಲಿಗೆವ್ವ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತೇ ಇದ್ದಳು. ಸುಮಂಗಲಾಳ ಮುಖ ಬಾತಿತು, ಮೂತ್ರ ಕಟ್ಟಿತು, ಮತ್ತೆ ಹನಿಹನಿಯಾಗಿ ಬಂತು. ಮೂರನೆಯ ದಿನ ಹೊಟ್ಟೆಯ ಕೂಸು ಮಿಸುಕುವುದು ನಿಂತಿತು. ನಾಲ್ಕನೆಯ ದಿನ ಜ್ವರ ಇಳಿಯಿತು. ಮಗಳು ಉಳಿದಳು, ಮೊಮ್ಮಗು ಉಳಿಯಲಿಲ್ಲ. ಗಂಡುಮಗು ಎಂದು ನರ್ಸು ಹೇಳಿದಳು, ಯಾರೂ ಕೇಳಿರಲಿಲ್ಲ. "ಅವ್ವಾ, ನೀ ಯಾಕ ನನ್ನ ಮುಖಾ ನೋಡವಲ್ಲಿ?" ಎಂದಳು ಸುಮಂಗಲಾ. ಹುಲಿಗೆವ್ವನಿಗೆ ಅಳು ಬರಲಿಲ್ಲ, ನಾಚಿಕೆ ಬಂತು. ಮಗಳ ಕಣ್ಣು ತಪ್ಪಿಸಿ, ಬಟ್ಟೆ ತರುವ ನೆಪ ಹೇಳಿ ಎದ್ದಳು.

ಸೈಟಿಗೆ ಬಂದಾಗ ಮಟಮಟ ಮಧ್ಯಾಹ್ನ. ಡಬ್ಬಿಯನ್ನು ಗಟಾರಕ್ಕೆ ಚೆಲ್ಲಬೇಡಿ, ಇಲ್ಲೇ ಕೊಡಿ ಎಂದು ನೀಲಿಮಾ ಇಟ್ಟುಕೊಂಡಿದ್ದಳು. ಬರಿಗೈಯಲ್ಲಿ ನಡೆಯುವುದೇ ಹುಲಿಗೆವ್ವನಿಗೆ ಹೊಸದೆನಿಸಿತು. ಪಕ್ಕದ ಶೆಡ್ಡಿನ ಶಿವಾನಿ ತನ್ನ ಹನ್ನೊಂದು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು.

"ಸುಮಕ್ಕ ಹ್ಯಾಂಗದಾಳ, ಅತ್ತಿ?"

"ಅದಾಳ. ಕೂಸಿಗೇನಾಗೇದ, ಇಷ್ಟು ಬಾಡೇದಲ್ಲ?"

"ಜ್ವರ ಬಂದಿತ್ತು. ನೀ ಇರಲಿಲ್ಲಲ್ಲ, ನಾನೇ ಕೊಟ್ಟೆ. ಹೋದ ತಿಂಗಳ ನೀ ಕೊಟ್ಟಿದ್ದರಾಗ ಉಳಿದಿತ್ತು. ಎರಡು ದಿನ ಹಾಕಿದೆ, ಬಿಡ್ತು ನೋಡು."

"ಉಳಿದದ್ದು ಎಲ್ಲದ?"

"ಡಬ್ಬಿಯೊಳಗ." ಶಿವಾನಿ ಹೆಮ್ಮೆಯಿಂದ ಒಳಗಿನ ಹಲಗೆ ತೋರಿಸಿದಳು. ಅಲ್ಲೊಂದು ಹೊಳೆಯುವ ಹೊಸ ಡಬ್ಬಿ. "ಅರ್ಧಾ ನುಂಗು ಅರ್ಧಾ ಇಡು ಅಂತ ನೀನೇ ಕಲಿಸೀದಿಯಲ್ಲ. ಈಗ ಎಲ್ಲಾರ ಮನ್ಯಾಗೂ ಒಂದೊಂದು ಡಬ್ಬಿ ಅದ."

ಹುಲಿಗೆವ್ವ ತಿರುಗಿ ಶೆಡ್ಡುಗಳ ಸಾಲು ನೋಡಿದಳು. ಬಿಸಿಲಿಗೆ ಪತ್ರಾಗಳು ಕಾದಿದ್ದವು. ಯಾರ ಮನೆಗೆ ಯಾವಾಗ ಏನು ಕೊಟ್ಟಿದ್ದೆನೆಂದು ಒಂದೂ ನೆನಪಾಗಲಿಲ್ಲ. ಬಾಗಿ ಕೂಸನ್ನು ಎತ್ತಿಕೊಂಡಳು.

"ನಡಿ, ದವಾಖಾನಿಗಿ."

"ಯಾಕ ಅತ್ತಿ? ಜ್ವರ ಬಿಟ್ಟದಲ್ಲ?"

"ಸುಮಂಗಲಾಗೂ ಮೂರು ಸಲ ಬಿಟ್ಟಿತ್ತು" ಎಂದಳು ಹುಲಿಗೆವ್ವ.