ಕಪ್ಪು ಬಟ್ಟೆ ಕಟ್ಟಿದ ಗಿಡ

ಊರಿನ ಎಣ್ಣೆಸಾಸಿವೆ ಹೊಲಗಳಲ್ಲೆಲ್ಲ ಕಾಯಿ ಬಲಿತು ಹಳದಿಗೆ ತಿರುಗಿ ಕೊಯ್ಲಿಗೆ ನಿಂತಿದ್ದವು. ಕುವಾಂಗ್ ದೆಶುನ್‌ನ ಹೊಲ ಮಾತ್ರ ಇನ್ನೂ ಹಸಿರು. ಕಳೆದ ಸಲ ಹೊಸ ವರ್ಷದ ವಸಂತ ಹಬ್ಬಕ್ಕೆ ಮೊದಲೇ ಮನೆಯ ಎಣ್ಣೆ ಜಾಡಿ ಬರಿದಾಗಿ, ಹೆಂಡತಿ ರುಜೆನ್ ಅಂಗಡಿ ಎಣ್ಣೆಯಲ್ಲಿ ಹಬ್ಬದ ತೋಫು, ಅಂದರೆ ಸೋಯಾ ಹಾಲಿನ ಗಟ್ಟಿ ತುಂಡು, ಕರಿದಿದ್ದಳು. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ದೆಶುನ್ ಈ ಸಲ ಮೂವತ್ತು ವರ್ಷದ ಮನೆಬೀಜ ಬಿಟ್ಟು ಹೊಸ ತಳಿ ಬಿತ್ತಿದ್ದ.

ಅಲ್ಲಿ ಕೊಯ್ಲೆಂದರೆ ಮುಯ್ಯಾಳಿನ ಕೆಲಸ. ಇಂದು ನಿನ್ನ ಹೊಲ, ನಾಳೆ ನನ್ನದು. ಸರದಿ ತಪ್ಪಿಸಿದವನು ಊರಿಗೆಲ್ಲ ನಗೆಪಾಟಲು.

“ದೆಶುನ್, ನಿಂದು ಎಣ್ಣೆಸಾಸಿವೆನೋ, ಸೊಪ್ಪಿನ ಮಡೀನೋ?” ಪಕ್ಕದ ಹೊಲದ ಪೆಂಗ್ ಕೆಣಕಿದ.

ದೆಶುನ್‌ಗೆ ರೋಷ ಬಂತು. ಕುಡುಗೋಲು ಮಸೆದು ಹೊಲಕ್ಕಿಳಿದ. ಅಷ್ಟರಲ್ಲಿ ಕೃಷಿ ಕೇಂದ್ರದ ಯಿನ್ ಸುಹುವಾ ಬದುವಿನ ಬಳಿ ಸೈಕಲ್ ನಿಲ್ಲಿಸಿದಳು.

“ಮಾವ, ಇನ್ನೊಂದು ವಾರ ತಡೀರಿ.”

“ಎಲೆ ಎಲ್ಲಾ ಉದುರಿಹೋಯ್ತು ಕಣಮ್ಮ. ಇನ್ನು ಕಾಳಿಗೆ ಅಡುಗೆ ಮಾಡಿ ಬಡಿಸೋರು ಯಾರು?”

“ಕಾಯಿ ಸಿಪ್ಪೇನೇ. ಅದೂ ಹಸಿರು ತಾನೆ? ಎಲೆ ಥರಾನೇ ಬಿಸಿಲು ಹೀರಿ ಕಾಳಿಗೆ ಆಹಾರ ಮಾಡುತ್ತೆ. ಈ ಸಿಪ್ಪೆ ಹೆಚ್ಚು ದಿನ ಹಸಿರಾಗಿರ್ಲಿ ಅಂತಲೇ ಒಳ್ಳೊಳ್ಳೆ ಗಿಡ ಆರಿಸಿ, ಕೂಡಿಸಿ ಈ ತಳಿ ಮಾಡಿರೋದು.”

“ಹೇಳೋರು ಹೇಳಿದ್ರೆ ಕೇಳೋರಿಗೆ ಬುದ್ಧಿ ಇಲ್ವಾ?”

ಯಿನ್ ನಕ್ಕಳು. “ಕೇಳ್ಬೇಡಿ, ನೋಡಿ. ಹೂ ಉದುರಿದಾಗ ಅತ್ತೆ ಕೈಲಿ ಒಂದು ಗಿಡದ ಕಾಯಿಗೆ ಕಪ್ಪು ಬಟ್ಟೆ ಕಟ್ಟಿಸಿದ್ನಲ್ಲ, ಅದನ್ನ ಬಿಚ್ಚಿ.”

ಹಕ್ಕಿ ಬೆದರಿಸಲು ಕಟ್ಟಿದ್ದಾರೆ ಎಂದುಕೊಂಡಿದ್ದ ದೆಶುನ್ ಅದನ್ನು ಬಿಚ್ಚಿದ. ಒಳಗಿನ ಕಾಯಿ ಬಿಳಿಚಿಕೊಂಡಿತ್ತು. ಒಡೆದರೆ ಕಾಳು ಸಣ್ಣದು, ಮುರುಟಿದ್ದು. ಪಕ್ಕದ ಗಿಡದ ಕಾಯಿ ಒಡೆದ. ಗುಂಡಗೆ ತುಂಬಿದ ಕಾಳು ಅಂಗೈಗೆ ಉರುಳಿದವು. ಅದೇ ಬೀಜ, ಅದೇ ಮಣ್ಣು, ಅದೇ ಗೊಬ್ಬರ. ಬಟ್ಟೆಯೊಳಗಿನ ಕಾಯಿಗೆ ಬಿಸಿಲೊಂದು ಸಿಕ್ಕಿರಲಿಲ್ಲ.

ಅವನು ಪೆಂಗ್‌ನನ್ನು ಕೂಗಿದ. “ನಿನ್ನ ಹೊಲ ಮೊದಲು ಮುಗಿಸೋಣ ಬಾರಯ್ಯ. ನನ್ನದು ಇನ್ನೂ ಅಡುಗೆ ಮಾಡ್ತಿದೆ.”

ಎಂಟು ದಿನಕ್ಕೆ ಮೂರರಲ್ಲಿ ಎರಡು ಪಾಲು ಕಾಯಿ ಹಳದಿಯಾದವು. ಇನ್ನೂ ಬಿಟ್ಟರೆ ಕಾಯಿ ಸಿಡಿದು ಕಾಳು ಉದುರುತ್ತದೆಂದು ಕೊಯ್ದರು. ಗಾಣದಿಂದ ಬಂದ ಎಣ್ಣೆ ಜಾಡಿ ತುಂಬಿ, ಇನ್ನೊಂದು ಪಾತ್ರೆ ಹುಡುಕಬೇಕಾಯಿತು. ರುಜೆನ್ ಮುಖ ಅರಳಿತು.

ದೆಶುನ್ ಮುಂದಿನ ಬಿತ್ತನೆಗೆಂದು ಒಂದು ಚೀಲ ಕಾಳು ಬಚ್ಚಿಟ್ಟಿದ್ದ. ಯಿನ್ ಕಣ್ಣಿಗೆ ಅದು ಬಿತ್ತು.

“ಮಾವ, ಇದು ಸಂಕರ ಬೀಜ. ಇದರ ಮಕ್ಕಳು ಇದರ ಹಾಗೇ ಇರಲ್ಲ. ಇಳುವರಿ ಇಳಿಯುತ್ತೆ.”

“ನಮ್ಮ ಮಗನ್ನ ನೋಡಿದ್ರೂ ಇವರಿಗೆ ಗೊತ್ತಾಗಲ್ವಲ್ಲ,” ಎಂದಳು ರುಜೆನ್. ಚೀಲವೂ ಗಾಣಕ್ಕೆ ಹೋಯಿತು.

ಅವತ್ತು ಮನೆಯ ಎಣ್ಣೆಯಲ್ಲೇ ಕರಿದ ತೋಫು ತಿನ್ನಲು ಪೆಂಗ್ ಕೂಡ ಬಂದಿದ್ದ. ಮೂರನೆಯ ತುಂಡು ಬಾಯಿಗೆ ಹಾಕಿಕೊಳ್ಳುತ್ತ, “ಆ ಬೀಜದ ಹೆಸರೇನಂದೆ?” ಎಂದು ಮೆಲ್ಲಗೆ ಕೇಳಿದ.

ಎಣ್ಣೆಕಾಳು ಬೆಳೆಯುವ ಅಕ್ಕ ಅಣ್ಣಂದಿರೇ, ಸುಧಾರಿತ ತಳಿಯ ಬಗ್ಗೆ ನಿಮ್ಮ ಕೃಷಿ ಕೇಂದ್ರದಲ್ಲಿ ವಿಚಾರಿಸಿ. ಸಂಕರ ಬೀಜವಾದರೆ ಪ್ರತಿ ವರ್ಷ ಹೊಸದು ತನ್ನಿ. ನಿಮ್ಮ ಕಾಯಿಯ ಬಣ್ಣ ನೋಡಿ ಕೊಯ್ಯಿರಿ. ಪಕ್ಕದವರು ನಕ್ಕರೆ ನಗಲಿ, ಜಾಡಿ ತುಂಬಿದ ದಿನ ಅವರನ್ನೂ ಊಟಕ್ಕೆ ಕರೆಯಿರಿ.