ಅಮ್ಮಾವ್ರ ರಿಪೇರಿ

ಏಳು ಲಕ್ಷಕ್ಕೆ ಹೊಸದಾದರೆ ಒಂದು ಪುಟ್ಟ ಕಾರು ಬರುತ್ತದೆ. ಮೂರು ವರ್ಷ ಅದರ ಬಾನೆಟ್ ಎತ್ತುವ ಗೋಜಿಲ್ಲ. ಅದೇ ಏಳು ಲಕ್ಷಕ್ಕೆ ಹಳೆಯದಾದರೆ, ಒಂದು ಕಾಲಕ್ಕೆ ಅರವತ್ತು ಲಕ್ಷ ಬಾಳುತ್ತಿದ್ದ ದೊಡ್ಡ ಕಪ್ಪು ಸೆಡಾನ್ ಬರುತ್ತದೆ. ಬೆಲೆ ಇಳಿದದ್ದು ಕಾರಿಗೆ ಮಾತ್ರ, ಅದರ ಬಿಡಿಭಾಗಗಳಿಗಲ್ಲ ಎನ್ನುವುದು ಕೊಂಡ ಮೇಲೆ ತಿಳಿಯುತ್ತದೆ. ಮುಂದಿನ ಒಂದು ಚಕ್ರದ ಮೇಲೆ ಕಾರನ್ನು ಎತ್ತಿಹಿಡಿಯುವ ಗಾಳಿ ಸಸ್ಪೆನ್ಶನ್ನಿಗೆ ಐವತ್ತೆಂಟು ಸಾವಿರ. ಅದಕ್ಕೆ ಗಾಳಿ ತುಂಬುವ ಪಂಪಿಗೆ ನಲವತ್ತು. ಒಂದು ಸಲ ಎಂಜಿನ್ ಆಯಿಲ್ ಬದಲಾಯಿಸಿದರೆ ಹದಿನೆಂಟು. ಈ ಕಾರು ಕೊಂಡ ಮನೆಯ, ಲಾಂಡ್ರಿ ಅಂಗಡಿ ನಡೆಸುವ ಅಕ್ಕನ ಲೆಕ್ಕದಲ್ಲಿ ಸಾವಿರವೆಂದರೆ ಡ್ರೈಕ್ಲೀನ್ ಮಾಡಿದ ನಾಲ್ಕು ಕೋಟು. ಹಾಗಾಗಿ ಪಂಪು ಹೋಯಿತೆಂದು ಕೇಳಿದಾಗ ಅವಳ ಕಣ್ಣಿಗೆ ಕಂಡದ್ದು ಪಂಪಲ್ಲ, ಹ್ಯಾಂಗರಿನಲ್ಲಿ ನೇತಾಡುವ ನೂರ ಅರವತ್ತು ಕೋಟುಗಳ ಸಾಲು.

ಕಾರು ಬೇಕೆಂದವನು ಅವಳ ಗಂಡ. ಇಪ್ಪತ್ತು ವರ್ಷ ಒಬ್ಬ ಸಾಹುಕಾರರ ಡ್ರೈವರಾಗಿ ಇಂಥವನ್ನೇ ಓಡಿಸಿದ್ದ. ಸಾಹುಕಾರರು ತೀರಿಕೊಂಡ ಮೇಲೆ, ಮದುವೆಗಳಿಗೆ ಬಾಡಿಗೆ ಬಿಡಲು ಸ್ವಂತದ್ದೊಂದು ಇರಲಿ ಎಂಬ ಆಸೆ ಹುಟ್ಟಿತು. ಹೊಸ ಸ್ಟೀಮ್ ಪ್ರೆಸ್ಸಿಗೆಂದು ಅಕ್ಕ ಕೂಡಿಟ್ಟ ದುಡ್ಡಿತ್ತು. ಹಳೇ ಕಾರುಗಳ ವ್ಯಾಪಾರ ಮಾಡುವ ಅವಳ ಒಡಹುಟ್ಟಿದ ತಮ್ಮನೂ ಇದ್ದ.

"ಭಾವಾ, ಹೊರಗಿನವ್ರಿಗಾದ್ರೆ ಒಂಬತ್ತು. ನಿಮಗೆ ಏಳು. ಅಕ್ಕನ ಮನೆಗೆ ಕೆಟ್ಟದ್ದು ಕಳಿಸ್ತೀನಾ ನಾನು?"

ಗಂಡ ಕಾರಿನ ಬಾಗಿಲು ಮುಚ್ಚಿ ನೋಡಿದ. ದಿಂಬಿನ ಮೇಲೆ ದಿಂಬು ಬಿದ್ದಂಥ ಸದ್ದು. ಅಷ್ಟಕ್ಕೇ ಸೋತುಹೋದ. ಮನೆಗೆ ತರುವಷ್ಟರಲ್ಲಿ ಕಾರಿಗೆ 'ಅಮ್ಮಾವ್ರು' ಎಂದು ಹೆಸರೂ ಇಟ್ಟಾಗಿತ್ತು.

ಒಂದು ತಿಂಗಳು ಅಮ್ಮಾವ್ರು ಗತ್ತಿನಿಂದಲೇ ಓಡಾಡಿದರು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಮುಂದಿನ ಎಡಗಾಲು ಮಡಚಿ, ಯಾರನ್ನೋ ಬೆನ್ನಿಗೆ ಹತ್ತಿಸಿಕೊಳ್ಳುವ ಆನೆಯಂತೆ ಕೂತಿದ್ದರು. ಗಾಳಿ ಸೋರುತ್ತಿತ್ತು. ಅದನ್ನು ಸರಿಮಾಡಿಸಿದರೆ ಪಂಪು ಹೋಯಿತು. ಪಂಪು ಹಾಕಿಸಿದರೆ ಬ್ಯಾಟರಿ ರಾತ್ರೋರಾತ್ರಿ ಖಾಲಿ. ಕಿಟಕಿ ತಾನಾಗಿ ಇಳಿಯಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು, ಹಳದಿ ದೀಪಗಳು ಒಂದಾದ ಮೇಲೊಂದು ಹತ್ತಿಕೊಂಡವು. ಒಂದು ಮದುವೆಗೆ ಹೊರಟಾಗ ಗೇರು ಮೂರರಲ್ಲೇ ಸಿಕ್ಕಿಕೊಂಡು, ಮದುಮಗಳು ಟ್ಯಾಕ್ಸಿ ಹಿಡಿದು ಹೋದಳು.

ಅಕ್ಕನಿಗೆ ಅನುಮಾನ ಬಂದದ್ದು ಮೆಕಾನಿಕ್ಕಿನ ಮೇಲೆ. ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ನೋಡೋಣ ಎಂದೇ ಕರೆಯುತ್ತಿದ್ದರು. ಒಂದು ಸರಿಮಾಡಿ ಇನ್ನೊಂದು ಕೆಡಿಸಿ ಕಳಿಸುತ್ತಾನೆ, ಇಲ್ಲದಿದ್ದರೆ ಎಲ್ಲವೂ ಸರದಿ ಹಿಡಿದು ಯಾಕೆ ಕೆಡಬೇಕು ಎಂಬುದು ಅವಳ ವಾದ.

"ಅವ್ನು ಅಂಥವನಲ್ಲ ಕಣೇ," ಎಂದ ಗಂಡ.

"ಅಂಥವರ ಮುಖದ ಮೇಲೆ ಬರ್ದಿರುತ್ತಾ?"

ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಅವನ ಕೈಗಳನ್ನೇ ನೋಡುತ್ತ ಕೂರತೊಡಗಿದಳು. ತೆಗೆದ ಹಳೇ ಭಾಗಗಳನ್ನೆಲ್ಲ ಕೇಳಿ ತಂದು ಇಸ್ತ್ರಿ ಮೇಜಿನ ಕೆಳಗೆ ಪೇರಿಸಿದಳು. ಹೊಸ ಪಂಪನ್ನು ಬದಲಾಯಿಸಿಯಾನೆಂದು, ಬಟ್ಟೆಗೆ ಗುರುತು ಹಾಕುವ ಮಸಿಯಿಂದ ಅದಕ್ಕೊಂದು ನಂಬರು ಬರೆದಳು. ಮುಂದಿನ ಸಲ ನೋಡೋಣ ಅದನ್ನು ಕಂಡು, ಮುಖ ಗಂಟಿಕ್ಕಿಕೊಂಡೇ ಕೇಳಿದ: "ಅಕ್ಕಾ, ಇದನ್ನ ತೊಳೆಯೋದು ಮಾತ್ರಾನಾ, ಇಸ್ತ್ರಿನೂ ಉಂಟಾ?"

ಅವಳು ನಗಲಿಲ್ಲ. ಆದರೆ ನಂಬರು ಅಲ್ಲೇ ಇತ್ತು. ಅದು ಅವಳನ್ನು ಇನ್ನಷ್ಟು ಚುಚ್ಚಿತು. ಕಳ್ಳ ಇಷ್ಟು ಜಾಣನಾದರೆ ಹಿಡಿಯುವುದು ಹೇಗೆ?

ಇಂಡಿಕೇಟರ್ ಹಾಕಿದರೆ ಹಾರ್ನ್ ಬಡಿದುಕೊಳ್ಳತೊಡಗಿದಾಗ ಗಂಡ ಬೇಸತ್ತು ಬರಲೊಲ್ಲೆನೆಂದ. ಕಾರನ್ನು ಎಳೆಸಿಕೊಂಡು ಅಕ್ಕನೇ ಹೋದಳು. ನೋಡೋಣ ಸ್ಪ್ಯಾನರು ಕೆಳಗಿಟ್ಟು, ಕಾರಿಗೆ ಒಂದು ಸುತ್ತು ಬಂದ.

"ವಯಸ್ಸಾದ್ರೆ ಒಂದೊಂದಾಗಿ ಕೆಡುತ್ತೆ ಅಕ್ಕಾ. ಹೀಗೆ ಎಲ್ಲ ಒಟ್ಟಿಗೆ ಹುಚ್ಚು ಹಿಡಿದ್ರೆ ಅದು ನೀರು. ಸೀಟು ಎತ್ತಿ ಒಳಗೆ ನೋಡ್ಬೇಕು."

"ಎತ್ತೋದಕ್ಕೆ ಎಷ್ಟು?"

"ಏನೂ ಬೇಡ."

"ಪುಕ್ಕಟೆ ಅಂದ್ರೆ ಇನ್ನೂ ಭಯ ನಂಗೆ."

"ಹಾಗಾದ್ರೆ ಒಂದು ಟೀ ಕೊಡ್ಸಿ. ಸಮಾಧಾನ ಆಗುತ್ತಲ್ಲ."

ಮುಂದಿನ ಸೀಟು ಹೊರಬಂತು. ಕಾರ್ಪೆಟ್ಟು ಎತ್ತಿದ. ಅದರಡಿ ವೈರುಗಳ ಕೊಂಡಿಗಳೆಲ್ಲ ಹಸಿರುಗಟ್ಟಿದ್ದವು. ಬೋಲ್ಟುಗಳು ತುಕ್ಕು ಹಿಡಿದು ಉಬ್ಬಿದ್ದವು. ಕಬ್ಬಿಣದ ತಗ್ಗುಗಳಲ್ಲಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಮಣ್ಣು ಒಣಗಿ ಕೂತಿತ್ತು.

"ಪ್ರವಾಹದಲ್ಲಿ ನಿಂತ ಕಾರು ಇದು. ಸೀಟಿನ ಮಟ್ಟಕ್ಕೆ ನೀರು ಬಂದಿದೆ. ಇದನ್ನ ಸರಿಮಾಡೋಕೆ ಒಳಗಿನ ವೈರಿಂಗ್ ಪೂರ್ತಿ ಬದಲಾಯಿಸ್ಬೇಕು. ಮೂರು ಲಕ್ಷ. ನಾನೇ ಹೇಳ್ತೀನಿ, ಮಾಡಿಸ್ಬೇಡಿ."

"ಸುಳ್ಳು," ಎಂದಳು ಅಕ್ಕ. "ಮುಳುಗಿದ್ರೆ ಕಾರ್ಪೆಟ್ಟು ನಾರಬೇಡ್ವಾ? ಕಲೆ ಇರಬೇಡ್ವಾ? ಬಟ್ಟೆ ವಿಷಯ ನನಗೆ ಹೇಳ್ಬೇಡ." ಅವನ ಸುಳ್ಳನ್ನು ಅವನ ಕಣ್ಣಿಗೇ ತೋರಿಸಲು ಕಾರ್ಪೆಟ್ಟು ಕಿತ್ತುಕೊಂಡು ತಿರುವಿ ಹಾಕಿದಳು.

ಹಿಂಬದಿಯಲ್ಲಿ ಚಾಲಕನ ಹಿಮ್ಮಡಿ ಸವೆಸಿದ ಜಾಗಕ್ಕೆ ಹೊಲಿಗೆ ಹಾಕಿತ್ತು. ಹಸಿರು ದಾರ. ಕಂದು ದಾರ ಮುಗಿದಿದ್ದರಿಂದ, ಯಾರು ತಿರುವಿ ನೋಡುತ್ತಾರೆ ಎಂದುಕೊಂಡು ಅವಳೇ ಹಾಕಿದ್ದ ಹೊಲಿಗೆ.

ಹೋದ ವರ್ಷ ತಮ್ಮ ಒಂದು ಕಟ್ಟು ತಂದು ಅಂಗಡಿಯಲ್ಲಿ ಇಳಿಸಿದ್ದ. ಕಾರ್ಪೆಟ್ಟು, ಸೀಟಿನ ಕವರು, ಎಲ್ಲ ಕೆಸರಿನ ಮುದ್ದೆ. ಅವನು ಆಗಾಗ ತರುತ್ತಿದ್ದ, ಎಲ್ಲ ಕಾರಿನವೂ ಒಂದೇ ಥರ ಕಾಣುತ್ತಿದ್ದವು. ಕೆಲಸ ಕಲಿಸಿದ ಯಜಮಾನಿ ಅವಳಿಗೆ ಹೇಳಿಕೊಟ್ಟದ್ದು ಇಷ್ಟು: ಕಲೆ ಏನಿಂದಾಯಿತು ಎಂದು ಕೇಳು, ಹೇಗಾಯಿತು ಎಂದು ಕೇಳಬೇಡ. ಕೇಳಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಮಣ್ಣು ಎಂದಿದ್ದ ತಮ್ಮ. ಅವಳು ಮತ್ತೆ ಮತ್ತೆ ನೆನೆಸಿ, ತಿಕ್ಕಿ, ಬಿಸಿಲಿಗೆ ಹಾಕಿ, ವಾಸನೆಯ ಸುಳಿವೂ ಉಳಿಯದಂತೆ ತೊಳೆದಿದ್ದಳು. ತನ್ನ ಕೈಕೆಲಸವನ್ನು ತಾನೇ ಮೆಚ್ಚಿಕೊಂಡಿದ್ದಳು.

ನೋಡೋಣ ಟೀ ಕುಡಿಯುತ್ತಿದ್ದ. ಅವನಿಗೆ ಏನೂ ತಿಳಿದಿರಲಿಲ್ಲ. ಕಾರ್ಪೆಟ್ಟು ಹಾಸಿ ಸೀಟು ಕೂರಿಸಿದರೆ ಮುಗಿಯಿತು, ತಪ್ಪು ಮೆಕಾನಿಕ್ಕಿನ ತಲೆಯ ಮೇಲೇ ಇರುತ್ತದೆ. ಗಂಡನಿಗೆ ಅವಳೇ ದಿನಾ ಹೇಳಿ ಹೇಳಿ ಅರ್ಧ ನಂಬಿಸಿಯೂ ಆಗಿತ್ತು. ತಮ್ಮ ಉಳಿಯುತ್ತಾನೆ. ತನ್ನ ಪಾಲಿನ ಟೀ ತಣ್ಣಗಾಗುವ ತನಕ ಅಕ್ಕ ಸ್ಟೂಲಿನಲ್ಲಿ ಕೂತಿದ್ದಳು. ಆಮೇಲೆ ಕಾರ್ಪೆಟ್ಟನ್ನು ಸುರುಳಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು, ಮನೆಗೆ ಹೋಗಿ ಗಂಡನನ್ನು ಕರೆದುಕೊಂಡು ತಮ್ಮ ಕಾರು ಮಾರುವ ಅಂಗಳಕ್ಕೆ ನಡೆದಳು.

ತಮ್ಮ ಗಿರಾಕಿಗಳ ಮುಂದೆ ನಗುನಗುತ್ತಲೇ ಇಬ್ಬರನ್ನೂ ಆಫೀಸಿನೊಳಗೆ ಕೂರಿಸಿದ. ಕಾರ್ಪೆಟ್ಟು ಮೇಜಿನ ಮೇಲೆ ಬಿಚ್ಚಿಕೊಂಡಾಗ ನಗು ನಿಂತಿತು. ಆದರೆ ಮಾತು ತಡವರಿಸಲಿಲ್ಲ.

"ನನ್ನನ್ನ ಕೇಳ್ತೀಯಲ್ಲಕ್ಕಾ. ಆ ಕೆಸರು ತೊಳೆದವಳು ನೀನೇ ತಾನೆ? ಗೊತ್ತಿದ್ದೇ ಸುಮ್ನಿದ್ದೀಯ ಅಂದ್ಕೊಂಡೆ. ಅದಕ್ಕೇ ಎರಡು ಲಕ್ಷ ಕಮ್ಮಿ ಮಾಡಿದ್ದು."

ಗಂಡ ಕಾರ್ಪೆಟ್ಟನ್ನು ನೋಡಿದ. ಹೊಲಿಗೆ ನೋಡಿದ. ಮನೆಯಲ್ಲಿ ಅವನ ಅಂಗಿಗಳಿಗೂ ಅಂಥದೇ ಹೊಲಿಗೆ ಇತ್ತು.

"ನಿಂಗೆ ಗೊತ್ತಿತ್ತಾ?"

"ಇಲ್ಲ."

"ಸರಿ," ಎಂದ ಅವನು. ಅವಳ ಮುಖ ನೋಡದೆ ಹೇಳಿದ.

ಅಷ್ಟು ದಿನ ಗ್ಯಾರೇಜಿನ ಸ್ಟೂಲಿನಲ್ಲಿ ಕೂತು ತಾನು ನೋಡಿದ ನೋಟ ಎಂಥದೆಂದು ಅಕ್ಕನಿಗೆ ಆಗ ಗೊತ್ತಾಯಿತು. ಅವಳು ಅಳಲಿಲ್ಲ, ಜಗಳವನ್ನೂ ಎತ್ತಲಿಲ್ಲ. "ದುಡ್ಡು ಕೊಡ್ತೀಯೋ, ಇದನ್ನ ನಿನ್ನ ಗೇಟಿಗೆ ನೇತುಹಾಕಿ, ಬಂದೋರಿಗೆಲ್ಲ ನಾನೇ ಕೂತು ವಿವರಿಸ್ಲೋ?" ಎಂದು ತಮ್ಮನನ್ನು ಕೇಳಿದಳು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ತಮ್ಮ ನಾಲ್ಕರಿಂದ ಶುರುಮಾಡಿ ನಾಲ್ಕೂವರೆಗೆ ಏರಿ ನಿಂತ. ಗಂಡ ಚೌಕಾಸಿಗೆ ಬಾಯಿ ಹಾಕಲಿಲ್ಲ. ಅಕ್ಕನಿಗೂ ಆಗ ಮೇಲೆ ಎಳೆಯುವ ಶಕ್ತಿ ಇರಲಿಲ್ಲ.

ಕಾರು ಹೋಯಿತು, ನಾಲ್ಕೂವರೆ ಲಕ್ಷ ಬಂತು. ರಿಪೇರಿಗೆ ಸುರಿದ ಒಂದೂ ಮುಕ್ಕಾಲು ಲಕ್ಷಕ್ಕೆ ಯಾರೂ ಬಾಧ್ಯರಾಗಲಿಲ್ಲ. ಸ್ಟೀಮ್ ಪ್ರೆಸ್ ಬರಲಿಲ್ಲ, ಹಳೆಯದರಲ್ಲೇ ಕೆಲಸ ನಡೆದಿದೆ. ಗಂಡ ಒಂದು ಹೋಟೆಲಿನ ವ್ಯಾನು ಓಡಿಸುತ್ತಾನೆ. ಅಕ್ಕ ಗ್ಯಾರೇಜಿಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದಳು. ಈಗ ಅಲ್ಲಿನ ಮೇಲಂಗಿಗಳೆಲ್ಲ ಅವಳ ಅಂಗಡಿಗೆ ಬರುತ್ತವೆ. ತಮ್ಮ ಬರುವುದನ್ನು ನಿಲ್ಲಿಸಿದ. ಗಂಡ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಅವಳ ಉತ್ತರವನ್ನು ನಂಬಿದನೋ ಇಲ್ಲವೋ ಎನ್ನುವುದು ಮಾತ್ರ ಅವಳಿಗೆ ಇವತ್ತಿಗೂ ತಿಳಿದಿಲ್ಲ.