ಎಲ್ಲಿ ಹೋಗಿದ್ದಿ, ಏನ್ ಕಂಡಿ?

ಈ ಸ್ಪ್ಯಾನಿಷ್ ಭಾಷೆ ಕಟ್ಟಿದವರು ಕೈಗೆ ಸಿಕ್ಕರೆ ಚೆನ್ನಾಗಿ ವಿಚಾರಿಸಿಕೊಳ್ಳುತ್ತೇನೆ. 'ಹೋಗು' ಅನ್ನಲು 'ಇರ್' ಅಂತೆ, 'ಹೋದೆ' ಅನ್ನಲು 'ಫುಯಿ' ಅಂತೆ. ತಾಯಿಗೂ ಮಗಳಿಗೂ ಮೂಗಾದರೂ ಹೋಲಬೇಡವೇ? ನಾನು ಮಲಗಿದರೆ 'ದೊರ್ಮಿ', ಅವನು ಮಲಗಿದರೆ 'ದುರ್ಮಿಯೊ'. ಅವನು ಮಲಗಿದ್ದಕ್ಕೆ ಪದದೊಳಗಿನ ಅಕ್ಷರ ಯಾಕೆ ಮಗ್ಗುಲು ಬದಲಿಸಬೇಕು?

ಹಾಗಂತ ಬಿಡುವಂತೆಯೂ ಇರಲಿಲ್ಲ. ಕೋಗಿಲಬನದ ರೆಸಾರ್ಟೊಂದರಲ್ಲಿ ನಾನು ದಿನಗೂಲಿಯ ಪಕ್ಷಿ ಗೈಡ್. ಮುಂದಿನ ಚಳಿಗಾಲದಿಂದ ಸ್ಪೇನಿನ ತಂಡಗಳು ಬರಲಿದ್ದವು. ಅವುಗಳ ಉಸ್ತುವಾರಿಯ ಇನೆಸ್ ಮೇಡಂ ವಿಡಿಯೋ ಕಾಲ್‌ನಲ್ಲಿ ಪರೀಕ್ಷೆ ಮಾಡುತ್ತಾರಂತೆ. ನಿನ್ನೆ ಏನೇನಾಯಿತೆಂದು ಐದು ನಿಮಿಷ ಸ್ಪ್ಯಾನಿಷ್‌ನಲ್ಲಿ ಹೇಳಬೇಕು. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಗೋವಾದಿಂದ ಬೇರೆ ಗೈಡ್ ಬರುತ್ತಾರೆ.

ಇದರ ನಡುವೆ ಅವ್ವನ ಕಾಟ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ನಮ್ಮವ್ವ ನೀಲಕ್ಕ ರೊಟ್ಟಿ ಬಡಿಯುತ್ತಲೇ ಶುರುಮಾಡುತ್ತಾಳೆ. "ಎಲ್ಲಿ ಹೋಗಿದ್ದಿ? ಏನ್ ಕಂಡಿ? ಏನ್ ತಿಂದಿ? ಯಾರ್ ಏನಂದ್ರು?" ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಒಂದು ದಿನವೂ ಇದು ತಪ್ಪಿಲ್ಲ. ಒಂದು ಸಂಜೆ ತಲೆ ಕೆಟ್ಟು, ತಿಳಿಯದೆ ಸುಮ್ಮನಾಗಲಿ ಎಂದು ಸ್ಪ್ಯಾನಿಷ್‌ನಲ್ಲೇ ಉತ್ತರ ಕೊಟ್ಟೆ.

"ಫುಯಿ ಆ ಮೌಳಂಗಿ."

"ಹಂಗಂದ್ರ?"

"ಮೌಳಂಗಿಗೆ ಹೋಗಿದ್ದೆ."

"ಹೂಂ, ಮುಂದ?"

ಸುಮ್ಮನಾಗುವ ಪೈಕಿಯೇ ಅಲ್ಲ! ಮೂರು ವಾರ ಹೀಗೇ ನಡೆಯಿತು. ನಾನು ತಡವರಿಸಿದರೆ ರೊಟ್ಟಿ ನಿಲ್ಲಿಸಿ ಕಾಯುವಳು. ಶಾಲೆಯ ಮೆಟ್ಟಿಲು ಹತ್ತದವಳು, "ನಿನ್ನಿ ಬ್ಯಾರೆ ಅಂದಿದ್ದಿ, ನೋಡ್ಕೊ" ಎಂದು ನನ್ನ ತಪ್ಪನ್ನೂ ಹಿಡಿಯುವಳು.

ಪರೀಕ್ಷೆಯ ಮಧ್ಯಾಹ್ನ ಮನೆಯಲ್ಲೇ ಫೋನ್ ಮುಂದಿಟ್ಟುಕೊಂಡು ಕೂತೆ. ಇನೆಸ್ ಮೇಡಂ ನಗುತ್ತಾ "ಹೇಳಿ" ಎಂದರು. ನನ್ನ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಮುಗೀತು, ಕೆಲಸ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸುತ್ತಾ ಅಡುಗೆಮನೆಯ ಬಾಗಿಲಿಗೆ ಬಂದಳು.

"ಯಾಕ ಸುಮ್ನ ಕುಂತಿ? ನಿನ್ನಿ ಎಲ್ಲಿ ಹೋಗಿದ್ದಿ, ಹೇಳವಾ!"

"ಫುಯಿ ಅಲ್ ರಿಯೊ," ಎಂದೆ, ಅವಳ ಮುಖ ನೋಡುತ್ತಲೇ. ಹೊಳೆಗೆ ಹೋಗಿದ್ದೆ.

"ಏನ್ ಕಂಡಿ?"

ಮಂಗಟ್ಟೆ ಹಕ್ಕಿ ಕಂಡೆ. ಪೊಟರೆಯೊಳಗಿನ ಹೆಣ್ಣು ಕೇಳಿತು, ಗಂಡು ಹಣ್ಣು ತಂದಿತು. ಅಂಬಿಗ ದೋಣಿಯಲ್ಲೇ ಮಲಗಿಬಿಟ್ಟ, ದುರ್ಮಿಯೊ! ಎಲ್ಲ ಸ್ಪ್ಯಾನಿಷ್‌ನಲ್ಲೇ ಬಂತು. ಐದು ನಿಮಿಷ ಹೋಗಿ ಹನ್ನೆರಡಾಯಿತು.

"ಅಲ್ಲಿ ಪ್ರಶ್ನೆ ಕೇಳುತ್ತಿದ್ದವರು ಯಾರು?" ಇನೆಸ್ ಮೇಡಂ ಕೇಳಿದರು.

"ನಮ್ಮವ್ವ. ನನ್ನ ಟೀಚರ್."

ಕೆಲಸ ಸಿಕ್ಕಿತು. ಸಂಜೆ ಪೇಟೆಗೆ ಹೋಗಿ ಪೇಢೆ ತಂದೆ. ಅವ್ವ ಬಾಯಿ ತೆರೆಯುವ ಮೊದಲೇ ನಾನೇ ಕೇಳಿದೆ.

"ಅವ್ವಾ, ಇವತ್ತ ನೀ ಎಲ್ಲಿ ಹೋಗಿದ್ದಿ? ಏನ್ ಕಂಡಿ?"

ಹಿಟ್ಟಿನ ಮೇಲೆ ಅವಳ ಕೈ ನಿಂತಿತು. "ನನಗ ಯಾರೂ ಇದನ್ನ ಕೇಳಿದ್ದಿಲ್ಲ ನೋಡವಾ," ಎಂದಳು.

ಹೌದು, ಇಷ್ಟು ವರ್ಷ ನಾನೂ ಕೇಳಿರಲಿಲ್ಲ. ತುಂಬಾ ನಾಚಿಕೆಯಾಯಿತು. ಆಮೇಲೆ ಶುರುಮಾಡಿದಳು ನೋಡಿ! ನಲ್ಲಿ ನೀರಿನ ಜಗಳ, ಸಂತೆಯ ಬದನೆಕಾಯಿ, ಪಕ್ಕದ ಮನೆ ಮುದಕವ್ವನ ಎಮ್ಮೆ ಕರು ಹಾಕಿದ್ದು... ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಹೂಂ, ಮುಂದ?" ಎನ್ನುತ್ತಾ ಆ ಕರಕು ರೊಟ್ಟಿಯನ್ನೇ ತಿಂದೆ.